ಕ್ಯಾನ್ಸರ್ ರೋಗಿ ಸೊರಗುವುದೇಕೆ?

ಹೊಟ್ಟೆಗಿಲ್ಲದೆ ಬಡಕಲಾದವರು ಕೆಲವು ವಾರ ಸರಿಯಾಗಿ ಉಂಡರೆ ಮೈ ತುಂಬಿಕೊಳ್ಳುತ್ತಾರೆ. ಆದರೆ ಕ್ಯಾನ್ಸರ್ ಪೀಡಿತರು ಅನೇಕ ವೇಳೆ ಉಂಡರೂ ಸೊರಗುತ್ತಲೇ ಹೋಗುವುದನ್ನು ನೀವು ಗಮನಿಸಿರಬಹುದು. ಇದೇಕೆ ಹೀಗೆ? ಉತ್ತರ ದೊರೆಯಲು ಬಹುಕಾಲ ಹಿಡಿಯಿತು.

ಈ ಸೊರಗುವಿಕೆಗೆ ವೈದ್ಯಶಾಸ್ತ್ರದಲ್ಲಿ 'ಕ್ಯಾಕೆಕ್ಸಿಯ' ಎಂದು ಹೆಸರು. 'ಕೆಟ್ಟ' ಮತ್ತು 'ಸ್ಥಿತಿ' ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಅದು ಬಂದಿದೆ. 1932ರಲ್ಲಿ ಅಮೆರಿಕದ ರೋಗವಿಜ್ಞಾನಿ ಶೀಲ್ಡ್ಸ್ ವಾರೆನ್, ಕ್ಯಾನ್ಸರಿನಿಂದ ಮಡಿದ 500 ಮಂದಿಯ ಶವಪರೀಕ್ಷೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಸಾವಿನ ತಕ್ಷಣದ ಕಾರಣಗಳ ಪೈಕಿ ಕ್ಯಾಕೆಕ್ಸಿಯವೇ ಮುಂದಿತ್ತು. 1980ರಲ್ಲಿ ಇನ್ನೊಂದು ತಂಡ 3,047 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿತು. ಕೀಮೋಥೆರಪಿಗೆ ಮೊದಲೇ ತೂಕ ಕಳೆದುಕೊಂಡಿದ್ದವರು ಸಾಮಾನ್ಯವಾಗಿ ಕಡಿಮೆ ಕಾಲ ಬದುಕಿದ್ದರು.

ಗಂತಿಯೇ ಆಹಾರವನ್ನೆಲ್ಲ ಕಬಳಿಸುತ್ತದೆ ಎನ್ನೋಣವೇ? ಆದರೆ ಗಂತಿ ಚಿಕ್ಕದಿದ್ದಾಗಲೂ ರೋಗಿ ತೀವ್ರವಾಗಿ ಸೊರಗುವುದುಂಟು. ಸುಳಿವು ಬೇರೊಂದು ಕಡೆಯಿಂದ ಬಂತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಆಂಥೊನಿ ಸೆರಾಮಿ, ಟ್ರಿಪನೋಸೋಮ್ ಎಂಬ ಪರೋಪಜೀವಿ ತಗುಲಿದ ಮೊಲಗಳು ಸೊರಗುವ ಕಾರಣವನ್ನು ಹುಡುಕುತ್ತಿದ್ದರು. ಪ್ರಾಣಿಯ ರಕ್ಷಣಾ ಕೋಶಗಳೇ ಸ್ರವಿಸುವ ಪ್ರೋಟೀನೊಂದು ಸಿಕ್ಕಿತು. ಅದನ್ನು 'ಕ್ಯಾಕೆಕ್ಟಿನ್' ಎಂದು ಕರೆದರು. ಗಂತಿಯನ್ನು ಕೊಲ್ಲುವ ವಸ್ತುವೆಂದು 1975ರಲ್ಲಿ ವರದಿಯಾಗಿದ್ದ 'ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್' ಕೂಡ ಇದೇ ಎಂದು 1985ರಲ್ಲಿ ತಿಳಿಯಿತು! ಇಂತಹ ಹಲವು ವಸ್ತುಗಳು ಸೇರಿ ಹಸಿವನ್ನು ಕುಗ್ಗಿಸುತ್ತವೆ, ಸ್ನಾಯು ಮತ್ತು ಕೊಬ್ಬನ್ನು ಕರಗಿಸುತ್ತವೆ. 2024ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹಸಿವು ಕುಗ್ಗಿಸುವ ಜಿಡಿಎಫ್-15 ಎಂಬ ಪ್ರೋಟೀನನ್ನು ತಡೆದಾಗ ರೋಗಿಗಳ ತೂಕ ಹೆಚ್ಚಿತು.

ಕ್ಯಾಕೆಕ್ಸಿಯವನ್ನು ಆಹಾರವೊಂದರಿಂದಲೇ ಪೂರ್ತಿ ಹಿಮ್ಮೆಟ್ಟಿಸಲಾಗದೆಂದು 2011ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಒಮ್ಮತಕ್ಕೆ ಬಂದರು. ಹಾಗಾದರೆ ಊಟ ವ್ಯರ್ಥವೇ? ಖಂಡಿತ ಇಲ್ಲ. ಉಣ್ಣದಿದ್ದರೆ ಸ್ನಾಯು ಇನ್ನೂ ಬೇಗ ಕರಗುತ್ತದೆ. ರೋಗಿಗೆ ಸಾಮಾನ್ಯವಾಗಿ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 25ರಿಂದ 30 ಕಿಲೋಕ್ಯಾಲರಿ ಶಕ್ತಿ ಹಾಗೂ 1ರಿಂದ 1.5 ಗ್ರಾಂ ಪ್ರೋಟೀನು ಬೇಕು. 50 ಕಿಲೋ ತೂಗುವವರಿಗೆ ಪ್ರೋಟೀನೇ 50ರಿಂದ 75 ಗ್ರಾಂ ಆಯಿತು. ಬರಿಯ ಗಂಜಿಯಿಂದ ಇದು ಸಿಗದು; ಬೇಳೆ, ಹಾಲು, ಮೊಸರು, ಮೊಟ್ಟೆ ಬೇಕು, ಸ್ವಲ್ಪಸ್ವಲ್ಪವಾಗಿ ಹಲವು ಸಲ.

'ಉಪವಾಸದಿಂದ ಕ್ಯಾನ್ಸರ್ ಸಾಯುತ್ತದೆ' ಎಂದು ಯಾರಾದರೂ ಹೇಳಿದರೆ ಈ ಚರಿತ್ರೆಯನ್ನು ನೆನೆಯಿರಿ. ಉಪವಾಸದಿಂದ ಮೊದಲು ಕುಗ್ಗುವುದು ರೋಗಿಯ ಬಲ. ಆರು ತಿಂಗಳಲ್ಲಿ ತೂಕ ಶೇಕಡಾ 5ಕ್ಕಿಂತ ಹೆಚ್ಚು, ಅಂದರೆ 60 ಕಿಲೋ ಇದ್ದವರಲ್ಲಿ 3 ಕಿಲೋ ಮೀರಿ ಇಳಿದರೆ, ವೈದ್ಯರಿಗೆ ತಿಳಿಸಲು ತಡಮಾಡಬೇಡಿ.