ಸಾಲಿಗ್ರಾಮ ಸೀಮೆಯ ಬಸದಿಗಳು, ಕೊಳ ಮತ್ತು ರಾಮನ ಹೆಸರು

ಕಾವೇರಿ ಬಯಲಿನ ಸಾಲಿಗ್ರಾಮವನ್ನು ಶ್ರೀವೈಷ್ಣವ ಸಂಪ್ರದಾಯ ಮಿಥಿಲಾಪುರಿ ಎಂದು ಕರೆಯುತ್ತದೆ. ಅದೇ ಸೀಮೆಯ ಚಿಕ್ಕಹನಸೋಗೆಯಲ್ಲಿ ಜೈನ ಶಾಸನಗಳಿವೆ. ಅಲ್ಲಿನ ಬಸದಿಗಳನ್ನು ಮೊದಲು ಮಾಡಿಸಿದವನು ದಶರಥನ ಮಗ, ಸೀತೆಯ ಗಂಡ ರಾಮನೇ ಎಂದು ಅವು ಸಾರುತ್ತವೆ. ಸಮೀಪದ ಚುಂಚನಕಟ್ಟೆಯಲ್ಲಿ, ಜಲಪಾತದ ಮಗ್ಗುಲಲ್ಲೇ, ಕೋದಂಡರಾಮನ ಗುಡಿ. ತಮ್ಮ ನೆಲೆ ಪುರಾತನವೆಂದು ತೋರಿಸಲು ಎಲ್ಲರೂ ಹೋದದ್ದು ರಾಮಾಯಣದ ಬಳಿಗೆ. ಈ ಸೀಮೆಯ ಚರಿತ್ರೆಯನ್ನು ಬರೀ ಜೈನ–ವೈಷ್ಣವ ಹಣಾಹಣಿಯೆಂದು ಓದುವವರು ಇದನ್ನು ಗಮನಿಸಬೇಕು.

ಹನಸೋಗೆಯ ಹಳೆಯ ರೂಪ ಪನಸೋಗೆ. ಮೂಲಸಂಘದ ದೇಶೀಗಣ, ಪುಸ್ತಕಗಚ್ಛಕ್ಕೆ ಸೇರಿದ ಮುನಿಗಳ ಒಂದು ಬಳಿಗೆ (ಪರಂಪರೆಯ ಕವಲಿಗೆ) ಈ ಊರಿನದೇ ಹೆಸರು. ರಾಮನ ಬಳಿಕ ಶಕ, ನಳ, ವಿಕ್ರಮಾದಿತ್ಯ, ಗಂಗರು ದಾನ ಕೊಟ್ಟರು ಎಂದು ಶಾಸನ ಪಟ್ಟಿ ಬೆಳೆಸುತ್ತದೆ. ಪುರಾಣ ಎಲ್ಲಿ ಮುಗಿಯಿತು, ಇತಿಹಾಸ ಎಲ್ಲಿ ಮೊದಲಾಯಿತು ಎಂಬುದು ಬರೆಸಿದವರಿಗೆ ಮುಖ್ಯವಾಗಿರಲಿಲ್ಲ! ಕೊನೆಗೆ ಬರುವವನು 11ನೆಯ ಶತಮಾನದ ರಾಜೇಂದ್ರಚೋಳ ನನ್ನಿಚಂಗಾಳ್ವ. ಚಂಗಾಳ್ವ ವಂಶದ ಈ ಅರಸ ಸ್ಥಳೀಯ, ಹೆಸರಿನ ಮೊದಲರ್ಧ ಮೇಲಿನ ಚೋಳ ಚಕ್ರವರ್ತಿಯದು. ಬಸದಿಯನ್ನು ಹೊಸದಾಗಿ ಕಟ್ಟಿಸಿದ ಕೀರ್ತಿ ಇವನಿಗೆ ಸಲ್ಲುತ್ತದೆ. ಮೂರು ಗರ್ಭಗುಡಿಗಳ ಆದಿನಾಥ ತ್ರಿಕೂಟ ಬಸದಿ ಇಂದಿಗೂ ಅಲ್ಲಿದೆ. ಈ ಶಾಸನಗಳನ್ನು ಬಿ. ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ, ಎಡತೊರೆ ತಾಲ್ಲೂಕಿನ ಭಾಗದಲ್ಲಿ ಪ್ರಕಟಿಸಿದರು.

ಸಾಲಿಗ್ರಾಮದ ಕಥೆ ಬೇರೆ ಬಗೆಯ ಆಕರದಿಂದ ಬಂದದ್ದು. ಚೋಳನ ಕಾಟಕ್ಕೆ ಶ್ರೀರಂಗ ಬಿಟ್ಟ ರಾಮಾನುಜರು ಇಲ್ಲಿಗೆ ಬಂದಾಗ ಊರವರು ಅವರನ್ನು ಆದರಿಸಲಿಲ್ಲವಂತೆ. ಆಗ ಶಿಷ್ಯ ಮುದಲಿಯಾಂಡಾನ್ ಗುರುವಿನ ಮಾತಿನಂತೆ ಊರ ಕೊಳದಲ್ಲಿ ಪಾದ ಅದ್ದಿದನು. ಆ ನೀರು ಕುಡಿದವರೆಲ್ಲ ಭಕ್ತರಾದರು. ಶ್ರೀಪಾದತೀರ್ಥದ ಕೊಳಕ್ಕೂ ಭಾಷ್ಯಕಾರರ (ರಾಮಾನುಜರ) ಸನ್ನಿಧಿಗೂ ಮಹಿಮೆ ಬಂದದ್ದು ಇದರಿಂದ. ಮುಂದೆ ಶಿಷ್ಯನಾದ ವಡುಗನಂಬಿ ರಾಮಾನುಜರಿಗೆ ಒಲಿದದ್ದೂ ಇದೇ ಊರಿನಲ್ಲಿ.

ಗುರುಪರಂಪರೆಯ ಗ್ರಂಥಗಳು ಹೇಳುವ ಕೊಳದ ಈ ಪ್ರಸಂಗ ಭಕ್ತಿಯ ದಾಖಲೆ. ಊರಿಗೆ ಊರೇ ಮತ ಬದಲಿಸಿತು ಎನ್ನುವುದಕ್ಕೆ ಅದು ಪುರಾವೆಯಾಗದು. ಸಾಲಿಗ್ರಾಮದಲ್ಲಿ ಬಸದಿಗಳೂ ಜೈನ ಮನೆತನಗಳೂ ಉಳಿದುಬಂದಿವೆ. ರಾಮಾನುಜರ ಆಶ್ರಯದಾತನೆಂದು ಹೆಸರಾದ ಹೊಯ್ಸಳ ಅರಸ ವಿಷ್ಣುವರ್ಧನನ ರಾಣಿ ಶಾಂತಲೆ ಜೈನಳು, ದಂಡನಾಯಕ ಗಂಗರಾಜ ಜೈನ; ಗಂಗರಾಜನ ಮಗ ಬೊಪ್ಪ 1133ರಲ್ಲಿ ರಾಜಧಾನಿ ದೋರಸಮುದ್ರದಲ್ಲೇ ಪಾರ್ಶ್ವನಾಥ ಬಸದಿ ಎತ್ತಿಸಿದ.

ಹನಸೋಗೆಯ ಜೈನ ನೆಲೆ ಮುಂದೆ ಸೊರಗಿತು; ಅದಕ್ಕೆ ಕಾರಣವನ್ನು ಕೊಳದ ನೀರಿನಲ್ಲಿ ಹುಡುಕುವುದಕ್ಕಿಂತ ಅರಮನೆಯಲ್ಲಿ ಹುಡುಕುವುದು ಮೇಲು. ಚಂಗಾಳ್ವರು ಕಾಲಕ್ರಮದಲ್ಲಿ ಶೈವರಾದರು, ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನ ಅವರ ಮನೆದೇವರಾದ. ಪನಸೋಗೆಯ ಮುನಿಪರಂಪರೆಗೆ ಆಮೇಲೆ ರಾಜಾಶ್ರಯ ಸಿಕ್ಕಿದ್ದು ಘಟ್ಟದ ಕೆಳಗೆ: 1432ರಲ್ಲಿ ಅರಸ ವೀರಪಾಂಡ್ಯ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು ಪನಸೋಗೆ ಬಳಿಗೆ ಸೇರಿದ ಲಲಿತಕೀರ್ತಿ ಮುನಿಯ ಉಪದೇಶದಂತೆ.