ಗಂಜಿ ಬಳಿದ ಹಲಗೆ, ಇದ್ದಿಲು ಮೆತ್ತಿದ ಕಡತ

1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಗೇರುಸೊಪ್ಪೆಯ ಘಟ್ಟ ಹತ್ತಿ, ಅರಸ ವೆಂಕಟಪ್ಪ ನಾಯಕನ ಇಕ್ಕೇರಿಯತ್ತ ಹೊರಟಿದ್ದ. ದಾರಿಯಲ್ಲಿ ತಂಗಿದ ಊರಿನ ಗುಡಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ನೆಲದ ತುಂಬ ನುಣ್ಣನೆಯ ಮರಳು. ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಮರಳಲ್ಲಿ ಅಂಕಿ ಬರೆಯುತ್ತಾನೆ. ಉಳಿದ ಮೂವರೂ ಅದನ್ನೇ ಹಾಡಿ ಅದನ್ನೇ ಬರೆಯುತ್ತಾರೆ. ಜಾಗ ತುಂಬಿದರೆ ಅಳಿಸಿ, ಪಕ್ಕದ ಗುಪ್ಪೆಯಿಂದ ಹೊಸ ಮರಳು ಹರಡಿಕೊಳ್ಳುತ್ತಾರೆ. ಗುರುಗಳು ಎದುರಿಗಿರಲೇ ಇಲ್ಲ. ಕಾಗದ ದಂಡವಾಗದ ಈ ಉಪಾಯ ಹಿಡಿಸಿ, ಡೆಲ್ಲಾ ವಾಲೆ ಊರಿಗೆ ಬರೆದ ಪತ್ರದಲ್ಲಿ ಅದನ್ನು ಎಳೆ ಎಳೆಯಾಗಿ ವರ್ಣಿಸಿದ.

ಮರಳು ಮೊದಲ ಮೆಟ್ಟಿಲು ಮಾತ್ರ. ಬೆರಳು ಪಳಗಿದ ಮೇಲೆ ಮಗುವಿನ ಕೈಗೆ ಏನು ಬರುತ್ತಿತ್ತು ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಸಿಗುವುದು ಇನ್ನೂರು ವರ್ಷ ಕಳೆದ ಮೇಲೆ, ಬಳ್ಳಾರಿಯಲ್ಲಿ. 1823ರ ಆಗಸ್ಟಿನಲ್ಲಿ ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದರಾಸಿಗೆ ವರದಿ ಕಳಿಸಿದ. ಒಟ್ಟು 533 ಶಾಲೆ, ಅವುಗಳಲ್ಲಿ ಕನ್ನಡದವು 235. ಓದುವವರು 6,641 ಮಂದಿ. ಈ ಲೆಕ್ಕಾಚಾರದ ನಡುವೆಯೇ ಮಕ್ಕಳ ಬರವಣಿಗೆಯ ಸಾಮಾನು ತಯಾರಾಗುತ್ತಿದ್ದ ಬಗೆಯನ್ನೂ ಅವನು ಬರೆದಿಟ್ಟಿದ್ದಾನೆ. ಕಲೆಕ್ಟರೊಬ್ಬ ಗಂಜಿ, ಇದ್ದಿಲಿನವರೆಗೆ ಇಳಿದು ಬರೆದದ್ದು ನಮ್ಮ ಪುಣ್ಯ.

ಅವನು ಹೇಳುವ ಹಲಗೆ ಒಂದು ಅಡಿ ಅಗಲ, ಮೂರು ಅಡಿ ಉದ್ದ. ಉಜ್ಜುಗೊರಡು ಹಾಕಿ ನಯ ಮಾಡಿದ ಮರಕ್ಕೆ ಒಂದಿಷ್ಟು ಅನ್ನ, ಕುಟ್ಟಿದ ಇದ್ದಿಲ ಪುಡಿ ಸೇರಿಸಿ ಬಳಿದರೆ ಮುಗಿಯಿತು. ಬಟ್ಟೆಯದಾದರೆ ಇನ್ನಷ್ಟು ಕೆಲಸ: ಅರಿವೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದ ಹಾಗೆ ಮಡಿಚಿ, ಮೇಲೆ ಇದ್ದಿಲು, ಅಂಟುಗಳ ಮಿಶ್ರಣ ಮೆತ್ತಬೇಕು. ಎರಡರ ಮೇಲೂ ಬರೆಯುವುದು ಬಳಪದಲ್ಲಿ, ಅಳಿಸುವುದು ಒದ್ದೆ ಬಟ್ಟೆಯಲ್ಲಿ. ಒಲೆಯ ಇದ್ದಿಲು, ಮಡಕೆಯ ತಳದ ಅನ್ನ ಯಾವ ಮನೆಯಲ್ಲಿಲ್ಲ? ಬಳಪವೊಂದು ಮಾತ್ರ ಹೊರಗಿನಿಂದ ಬರಬೇಕಾದದ್ದು. ಅದೂ ಮೆತುವಾದ ಕಲ್ಲಿನ ತುಂಡು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಮದನಿಕೆಯರನ್ನು ಕಡೆದ ಬಳಪದ ಕಲ್ಲಿನ ಜಾತಿಯದೇ.

ಬಟ್ಟೆಯ ಈ ಪುಸ್ತಕವೇ ಕಡತ. ಮಕ್ಕಳ ಕೈಯಲ್ಲಿದ್ದುದಕ್ಕೂ ಅಂಗಡಿ ಸಾಹುಕಾರರ ಗಲ್ಲೆಯ ಪಕ್ಕದಲ್ಲಿದ್ದುದಕ್ಕೂ ಮಾಡುವ ಕ್ರಮದಲ್ಲಿ ಹೆಚ್ಚು ಭೇದವಿರಲಿಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸದಲ್ಲಿ ಕಡತವನ್ನು ವಿವರಿಸಿದ್ದಾನೆ: ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ, ಎರಡೂ ಮಗ್ಗುಲಿಗೆ ಇದ್ದಿಲು ಬೆರೆಸಿದ ಸರಿ, ಒಣಗಿದ ಮೇಲೆ ಎಲ್ಲೂ ಕತ್ತರಿಸದೆ ಸಮನಾದ ಮಡಿಕೆ, ಎರಡು ಕೊನೆಗೂ ಬಣ್ಣದ ಮರದ ರಟ್ಟು. ಕೈಯಿಂದ ಒರೆಸಿದರೆ ಹೋಗುವ ಬರಹ ಜೋಪಾನವಾಗಿಟ್ಟರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಶೃಂಗೇರಿ ಮಠದಲ್ಲಿ ನೂರಾರು ಕಡತಗಳು ಉಳಿದು ಬಂದಿರುವುದೇ ಇದಕ್ಕೆ ಪುರಾವೆ.

ಮೈಸೂರು ಸೀಮೆಯ ಕಡತಕ್ಕೆ ಅನ್ನದ ಬದಲು ಹುಣಸೆಬೀಜದ ಸರಿ. ಹುಳಿ ಬಿಡಿಸಿ ಎಸೆಯುವ ಬೀಜವನ್ನು ಹುರಿದು, ಕುಟ್ಟಿ, ಕಂದು ಸಿಪ್ಪೆ ಹಾರಿಸಬೇಕು. ಒಳಗಿನ ಬಿಳಿ ಬೇಳೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ನೀರು ಬೆರೆಸಿ ಒಲೆಯ ಮೇಲಿಟ್ಟು ಕೈಬಿಡದೆ ತಿರುವಬೇಕು. ಕುದಿ ಬರುತ್ತಿದ್ದಂತೆ ಬಣ್ಣ ಮಾಸಿ, ಸೌಟಿಗೆ ಎಳೆ ಎಳೆಯಾಗಿ ಅಂಟುತ್ತದೆ. ಅನ್ನದ ಗಂಜಿಗಿಂತ ಇದರ ಹಿಡಿತ ಬಲು ಬಿಗಿ. ಚಳ್ಳಕೆರೆ ಕಡೆಯ ಕಂಬಳಿ ನೇಕಾರರು ಉಣ್ಣೆಯ ಹಾಸಿಗೆ ಹಚ್ಚುವುದೂ ಈ ಸರಿಯನ್ನೇ, ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆಗಳ ಮೈ ತುಂಬಿಸುವ ಮುದ್ದೆಗೆ ಸೇರುವುದೂ ಇದೇ. ಕಡತದ ಕರಿ, ಕಂಬಳಿಯ ಗಡಸು, ಗೊಂಬೆಯ ಮೈಕಟ್ಟು ಮೂರಕ್ಕೂ ಒಂದೇ ಬೀಜ ಸಾಕಾಗುತ್ತಿದ್ದ ನಾಡಿನಲ್ಲಿ ಶಾಲೆಯ ಸಾಮಾನಿಗೆಂದೇ ಬೇರೆ ಅಂಗಡಿ ಹುಟ್ಟದಿದ್ದುದು ಸಹಜ.

ಮರಳಲ್ಲಿ ಬರೆಯುವ ಅಗ್ಗದ ವಿದ್ಯೆ ಕ್ಯಾಂಬೆಲ್ ವರದಿ ಬರೆಯುವ ಹೊತ್ತಿಗಾಗಲೇ ಸಮುದ್ರ ದಾಟಿತ್ತು. 1789ರಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದ ಹೊಣೆ ಹೊತ್ತ ಪಾದ್ರಿ ಆಂಡ್ರ್ಯೂ ಬೆಲ್, ಹತ್ತಿರದ ದೇಶೀ ಶಾಲೆಯ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು ತನ್ನಲ್ಲೂ ಅದನ್ನೇ ತರಲು ಹೊರಟ. ಅವನ ಕೈಕೆಳಗಿನ ಉಪಾಧ್ಯಾಯರು ಒಪ್ಪಲಿಲ್ಲ. ಕೊನೆಗೆ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೇ ಕೆಲಸ ಒಪ್ಪಿಸಿದ. ಪುಟ್ಟ ಮೇಷ್ಟ್ರು ಗೆದ್ದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದನ್ನು ಪುಸ್ತಕ ಮಾಡಿದ ಮೇಲೆ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲೂ ಮರಳಿನ ತಟ್ಟೆಗಳು ಕಾಣಿಸಿಕೊಂಡವು. ಈ ಮಿತವ್ಯಯವನ್ನು ಇಂಗ್ಲೆಂಡ್ ಅನುಕರಿಸಿದ್ದು ತಕ್ಕದ್ದೇ ಎಂದು ಕ್ಯಾಂಬೆಲ್ ಕೂಡ ಒಪ್ಪಿಕೊಳ್ಳುತ್ತಾನೆ.

ಆದರೆ ಅದೇ ವರದಿಯ ಮುಂದಿನ ಪುಟಗಳು ಅಷ್ಟು ಹಿತವಾಗಿಲ್ಲ. ಆ 6,641ರಲ್ಲಿ ಹೆಣ್ಣುಮಕ್ಕಳು ಬರೀ 60. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಹೊಟ್ಟೆಗೆ ಹೊಡೆತ ಬಿದ್ದಿದೆ, ದೇಶ ಬಡವಾಗುತ್ತಿದೆ, ಮಕ್ಕಳನ್ನು ಶಾಲೆಗೆ ಕಳಿಸಲಾರದವರು ಹೆಚ್ಚುತ್ತಿದ್ದಾರೆ ಎಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೇ ಬರೆಯುತ್ತಾನೆ. ಹಲಗೆಗೆ ಖರ್ಚಿಲ್ಲ ನಿಜ; ಪಾಠ ಹೇಳುವ ಐಗಳಿಗೆ ಕೊಡಬೇಕಾದದ್ದು ಇದ್ದೇ ಇತ್ತು, ಮಗುವಿನ ಕೂಲಿಯ ನಷ್ಟವೂ ಇತ್ತು. ಈ ಹಳೆಯ ಶಾಲೆಗಳ ಸರಳತೆಯನ್ನು ಹೊಗಳುವವರು ಈ ಪುಟಗಳನ್ನೂ ತಿರುವಿ ನೋಡುವುದು ಒಳ್ಳೆಯದು.

ಕಲ್ಲಿನ ಸ್ಲೇಟು ಬಂದದ್ದು ಮಿಷನ್ ಶಾಲೆ, ಸರ್ಕಾರಿ ಶಾಲೆಗಳ ಜೊತೆಗೆ. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಶುರುವಾಯಿತು. ಮುಂದೆ ಅಚ್ಚಿನ ಪಾಠಪುಸ್ತಕ, ಮರದ ಚೌಕಟ್ಟಿನ ಸ್ಲೇಟು ಹಳ್ಳಿಹಳ್ಳಿಗೆ ಹರಡಿದವು. ಹಲಗೆ ಮಾಯವಾದರೂ ಕಪ್ಪು ಬಳಿಯುವ ಕೆಲಸ ಮಕ್ಕಳನ್ನು ಬಿಡಲಿಲ್ಲ. ಮಾಸಿದ ಸ್ಲೇಟಿಗೂ ತರಗತಿಯ ಬೋರ್ಡಿಗೂ ತೊಂಡೆ ಸೊಪ್ಪೋ ಗರಗದ ಸೊಪ್ಪೋ ಇದ್ದಿಲ ಜೊತೆ ಅರೆದು ತಿಕ್ಕುವುದು ತೀರ ಈಚಿನವರೆಗೂ ನಡೆದೇ ಇತ್ತು. ಟಾರ್ಚಿನ ಸೆಲ್ಲು ಬಂದ ಮೇಲೆ ಅದರೊಳಗಿನ ಕರಿಯನ್ನು ಒಡೆದು ತೆಗೆಯುವ ಹೊಸ ಚಾಳಿಯೂ ಸೇರಿತು. ಮುಖ, ಮೊಣಕೈ ಎಲ್ಲ ಕಪ್ಪಾಗಿ ಮನೆಗೆ ಹೋಗಿ ಬೈಸಿಕೊಂಡವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ.

ಮಕ್ಕಳೊಂದಿಗೆ ಇವತ್ತು ಇಂಥ ಹಲಗೆ ಮಾಡಿ ನೋಡುವವರು ಸೆಲ್ಲಿನ ಕರಿಯನ್ನು ಮುಟ್ಟದಿರಲಿ, ಅದು ಆರೋಗ್ಯಕ್ಕೆ ಕೆಟ್ಟದ್ದು. ಪುಸ್ತಕ ಕಟ್ಟುವವರು ಅಂಟಿಗೆ ಹುಳ ಬೀಳದಿರಲೆಂದು ಬೆರೆಸುತ್ತಿದ್ದ ಮೈಲುತುತ್ತವೂ ವಿಷ; ಅದೂ ಬೇಡ. ಅದಿಲ್ಲದ ಸರಿ ಬೇಗ ಹುಳಿಯುತ್ತದೆ, ಹಾಗಾಗಿ ಒಂದು ಹಿಡಿ ಬೀಜದಷ್ಟೇ ಮಾಡಿಕೊಂಡು ಅಂದಂದೇ ಬಳಸಬೇಕು. ಇದ್ದಿಲನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯದಿದ್ದರೆ ಹಲಗೆ ತರಿತರಿಯಾಗಿ ಬಳಪ ಮುರಿಯುತ್ತದೆ. ಒಂದು ಕೈ ಬಳಿದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಇನ್ನೊಂದು ಕೈ.