ನೆರೆಮನೆಯ ಕಡೆಗೆ ತೆರೆದ ಕಿಟಕಿ

ಕಿಟಕಿಗೆ ನಮ್ಮ ಹಿರಿಯರು ಇಟ್ಟಿರುವ ಹೆಸರುಗಳನ್ನು ಗಮನಿಸಿದರೆ ಒಂದು ಸ್ವಾರಸ್ಯ ಕಂಡುಬರುತ್ತದೆ. ವಾತಾಯನವೆಂದರೆ ಗಾಳಿಯ ದಾರಿ. ಬೆಳಕಿಂಡಿಯೆಂದರೆ ಬೆಳಕು ಬರುವ ಕಿಂಡಿ. ಗವಾಕ್ಷವೆಂಬ ಮಾತಿಗೆ ಗೋವಿನ ಕಣ್ಣು ಎಂದು ಅರ್ಥ. ಗಾಳಿ, ಬೆಳಕು, ನೋಟ ಈ ಮೂರೂ ಒಂದೇ ಕಿಂಡಿಯಲ್ಲಿ ಹಾಯುತ್ತವೆ. ಮೊದಲಿನ ಎರಡರ ವಿಷಯದಲ್ಲಿ ನೆರೆಯವರಿಗೆ ಸಾಮಾನ್ಯವಾಗಿ ತಕರಾರಿಲ್ಲ. ಜಗಳ ಹುಟ್ಟುವುದು ಮೂರನೆಯದರಿಂದ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳೆಯ ಬೀದಿಗಳಲ್ಲಿ ನಡೆದಾಡಿದವರಿಗೆ ಅಲ್ಲಿನ ಮನೆಗಳ ಕಟ್ಟಡ ನೆನಪಿರಬಹುದು. ಕಲ್ಲು ಚಪ್ಪಡಿಯ ಮಾಳಿಗೆ, ಬೀದಿಗೆ ಜಗಲಿ, ಹಿಂದೆ ಹಿತ್ತಲು, ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಅನುಕೂಲಸ್ಥರ ತೊಟ್ಟಿಮನೆಗಳಿಗೆ ಬೆಳಕು ಆಕಾಶದಿಂದಲೇ ಇಳಿಯುತ್ತಿತ್ತು; ಪಕ್ಕದ ಗೋಡೆಯನ್ನು ಒಡೆಯುವ ಅಗತ್ಯವಿರಲಿಲ್ಲ. ತೊಟ್ಟಿಯಿಲ್ಲದ ಮನೆಯವರು ಕತ್ತಲೆಯ ಕೋಣೆಗಳಲ್ಲಿಯೇ ಬಾಳಿದರು. ಆ ಕತ್ತಲೆಯನ್ನು ಕಳೆಯಲು ಹೊರಟಾಗಲೇ ಪ್ರಶ್ನೆ ಏಳುವುದು.

ಅಂಥದೊಂದು ಪ್ರಸಂಗವನ್ನು ನಾನು ಬಾಲ್ಯದಲ್ಲಿ ಶ್ರೀನಿವಾಸಪುರದಲ್ಲಿ ಕಣ್ಣಾರೆ ಕಂಡಿದ್ದೇನೆ. ನಾವು ಮಕ್ಕಳು ಓದಿಕೊಳ್ಳುತ್ತಿದ್ದ ಕೋಣೆಯಲ್ಲಿ ಹಗಲು ಹೊತ್ತಿನಲ್ಲಿಯೂ ದೀಪ ಬೇಕಾಗುತ್ತಿತ್ತು. ನಮ್ಮ ತಂದೆಯವರು ಅರ್ಜಿ ಕೊಟ್ಟು, ಅನುಮತಿಯ ಕಾಗದ ತಂದು, ಗಾರೆಯವನನ್ನು ಕರೆಸಿ ಪಕ್ಕದ ಗೋಡೆಯಲ್ಲಿ ಕಿಟಕಿ ಇಡಿಸಿದರು. ಆ ಕಡೆ ಇದ್ದದ್ದು ನೆರೆಮನೆಯ ಹಿತ್ತಲು, ಒಗೆಯುವ ಕಲ್ಲು, ತಟ್ಟಿ ಕಟ್ಟಿದ ಬಚ್ಚಲು. ಆ ಮನೆಯ ಯಜಮಾನಿ ವಯಸ್ಸಾದ ಹೆಂಗಸು. ನಮ್ಮ ತಂದೆಯವರು ಆಕೆಯನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಆಕೆ ಜಗಲಿಯ ಬಳಿ ನಿಂತು, "ಏನಪ್ಪಾ, ನಿನ್ನ ಮಕ್ಕಳು ಓದಬೇಕು, ಸರಿ. ನನ್ನ ಸೊಸೆ ನಾಳೆಯಿಂದ ಎಲ್ಲಿ ನೀರು ಹಾಕಿಕೊಳ್ಳಬೇಕು, ಅದನ್ನೂ ನೀನೇ ಹೇಳು" ಎಂದರು. ತಂದೆಯವರು ಒಳಗೆ ಹೋಗಿ ಅನುಮತಿಯ ಕಾಗದವನ್ನು ತಂದು ತೋರಿಸಿದರು. ಆಕೆಗೆ ಓದು ಬಾರದು. ಸುಮ್ಮನೆ ಹೊರಟುಹೋದರು. ಅಂದಿನಿಂದ ಆ ಮನೆಯ ಸೊಸೆ ಬೆಳಗಾಗುವ ಮೊದಲೇ ಸ್ನಾನ ಮುಗಿಸುತ್ತಿದ್ದಳು. ಆ ವರ್ಷದ ಸಂಕ್ರಾಂತಿಗೆ ಅವರ ಮನೆಯಿಂದ ಎಳ್ಳು ಬರಲಿಲ್ಲ.

ಕಾಗದ ಸರಿಯಾಗಿತ್ತು. ಆಕೆಯ ಪ್ರಶ್ನೆಯೂ ಸರಿಯಾಗಿತ್ತು. ಎರಡೂ ಸರಿಯಾಗಿರುವುದು ಹೇಗೆಂಬುದನ್ನು ತಿಳಿಯಲು ನಾವು ಬಹಳ ಹಿಂದಕ್ಕೆ ಹೋಗಬೇಕು.

ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಕಣ್ಮರೆಯಾಗಿದ್ದ ಗ್ರಂಥ. 1905ರಲ್ಲಿ ಅದರ ಓಲೆಯ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದಿತು. ಅವರು ಅದನ್ನು 1909ರಲ್ಲಿ ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಲೋಕಕ್ಕೆ ಕೊಟ್ಟರು. ರಾಜನೀತಿಯ ಗ್ರಂಥವೆಂದು ಪ್ರಸಿದ್ಧವಾದ ಅದರ ಮೂರನೆಯ ಅಧಿಕರಣದಲ್ಲಿ ಮನೆ ಕಟ್ಟುವವರಿಗೆ ಹೇಳಿದ ವಿಧಿಗಳಿವೆ. ಎರಡು ಮನೆಗಳ ನಡುವೆ ಎಷ್ಟು ಅಂತರವಿರಬೇಕು, ಮಳೆಯ ನೀರು ಎತ್ತ ಹರಿಯಬೇಕು ಎಂಬುದರ ಜೊತೆಗೆ, ಎದುರು ಮನೆಯವರಿಗೆ ಬಾಧೆಯಾಗುವಂತೆ ಬಾಗಿಲನ್ನಾಗಲಿ ಕಿಟಕಿಯನ್ನಾಗಲಿ ಇಟ್ಟವನಿಗೆ ದಂಡವನ್ನು ವಿಧಿಸಿದೆ. ನಡುವೆ ರಾಜಮಾರ್ಗವೋ ದೊಡ್ಡ ಬೀದಿಯೋ ಇದ್ದರೆ ಮಾತ್ರ ಈ ದಂಡವಿಲ್ಲ. ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದದ್ದು: ನೆರೆಯವರು ತಮ್ಮತಮ್ಮೊಳಗೆ ಒಪ್ಪಿಕೊಂಡು ಬೇಕಾದಂತೆ ಕಟ್ಟಿಕೊಳ್ಳಬಹುದು, ಪರಸ್ಪರ ಅನಿಷ್ಟವಾಗದಂತೆ ನೋಡಿಕೊಂಡರಾಯಿತು.

ಸ್ಮೃತಿಕಾರರೂ ಈ ವಿಷಯವನ್ನು ಬಿಟ್ಟಿಲ್ಲ. ಹೊಲದ ಗಡಿಗೆ ಹೇಳಿದ ನ್ಯಾಯವೇ ಮನೆಗೂ ಮಳೆನೀರಿನ ಕಾಲುವೆಗೂ ಸಲ್ಲುತ್ತದೆಂದು ಯಾಜ್ಞವಲ್ಕ್ಯನ ಮತ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಇದ್ದವನು. ಬೃಹಸ್ಪತಿ, ಕಾತ್ಯಾಯನ ಮೊದಲಾದವರ ಹೆಸರಿನಲ್ಲಿ ಉಳಿದುಬಂದಿರುವ ವಚನಗಳಲ್ಲಿ ಎರಡು ಮಾತುಗಳು ಅಡಗಿವೆ. ಮನೆ ಕಟ್ಟಿದ ಕಾಲದಿಂದ ಇದ್ದ ಕಿಟಕಿಯನ್ನು ನೆರೆಯವನು ಮುಚ್ಚಬಾರದು. ಹಾಗೆಯೇ, ಪರರ ಮನೆಯ ಮೇಲೆ ನೋಟವಾಗಲಿ ನೀರಾಗಲಿ ಬೀಳುವಂತೆ ಹೊಸದಾಗಿ ಏನನ್ನೂ ಇಡಬಾರದು. ನೋಟವನ್ನೂ ನೀರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಈ ವಿವೇಕವನ್ನು ಗಮನಿಸಬೇಕು. ಬೇರೆಯವರ ಅಂಗಳಕ್ಕೆ ಬಚ್ಚಲ ನೀರು ಬಿಡುವುದು ಹೇಗೆ ಸಲ್ಲದೋ ಕಣ್ಣು ಬಿಡುವುದೂ ಹಾಗೆಯೇ ಸಲ್ಲದು.

ಇಂಗ್ಲಿಷರ ಆಳ್ವಿಕೆಯಲ್ಲಿ ಇದೇ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದಿತು. 1888ರಲ್ಲಿ ವರದಿಯಾದ ಗೋಕಲ್ ಪ್ರಸಾದ್ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟು, ಹೆಂಗಸರು ಇರುವ ಭಾಗವು ನೆರೆಯವರ ಹೊಸ ಕಟ್ಟಡದಿಂದ ಕಾಣುವಂತಾಗಬಾರದೆಂಬ ವಾಡಿಕೆ ಅಯುಕ್ತವಾದದ್ದಲ್ಲ, ಅಂಥ ವಾಡಿಕೆಯಿದ್ದರೆ ಅದಕ್ಕೆ ರಕ್ಷಣೆಯುಂಟು ಎಂದು ತೀರ್ಮಾನಿಸಿತು. ಆದರೆ 1895ರ ಮದರಾಸು ವರದಿಗಳಲ್ಲಿ ಇದಕ್ಕೆ ವಿರುದ್ಧವಾದ ತೀರ್ಪನ್ನು ಕಾಣುತ್ತೇವೆ: ಕಿಟಕಿ ತೆರೆದು ನೆರೆಯವರ ಮರೆಯನ್ನು ಕೆಡಿಸಿದ ಮಾತ್ರಕ್ಕೆ ಕಾನೂನಿನ ಪರಿಹಾರವಿಲ್ಲ, ಬೇಕಾದವರು ತಮ್ಮ ಜಾಗದಲ್ಲಿ ಮರೆ ಕಟ್ಟಿಕೊಳ್ಳಬಹುದು. ಮುಳಬಾಗಿಲು, ಶ್ರೀನಿವಾಸಪುರಗಳ ಗಡಿಯಾಚೆ ಆಗ ಮದರಾಸು ಆಧಿಪತ್ಯವೇ ಇದ್ದಿತು. ಒಂದೇ ದೇಶದಲ್ಲಿ ಎರಡು ನ್ಯಾಯಗಳು ಹೇಗೆಂದರೆ, ಇಲ್ಲಿ ಹಕ್ಕಿನ ಬೇರು ವಾಡಿಕೆಯಲ್ಲಿದೆ. ಯಾವ ಊರಿನಲ್ಲಿ ವಾಡಿಕೆ ಸಾಕ್ಷಿಯಿಂದ ಸಿದ್ಧವಾಗುತ್ತದೆಯೋ ಅಲ್ಲಿ ಹಕ್ಕು. ಉಳಿದ ಕಡೆ ಇಲ್ಲ.

1882ರ ಅನುಭೋಗದ ಹಕ್ಕುಗಳ ಶಾಸನ ಇದನ್ನೇ ಬರಹಕ್ಕೆ ಇಳಿಸಿತು. ಅದು ಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಮದರಾಸು, ಕೊಡಗು ಸೇರಿದ್ದವು. 1891ರಲ್ಲಿ ಮುಂಬಯಿಗೂ, ಅಂದರೆ ಧಾರವಾಡ, ಬೆಳಗಾವಿಗಳಿಗೂ ಹಬ್ಬಿತು. ಇಂದು ನಮ್ಮ ರಾಜ್ಯದಲ್ಲಿ ಇಂಥ ವ್ಯಾಜ್ಯಗಳಿಗೆ ಅದೇ ಆಧಾರ. ಅದರ 15ನೆಯ ವಿಧಿಯಂತೆ, ಕಿಟಕಿಯ ಮೂಲಕ 20 ವರ್ಷ ಶಾಂತವಾಗಿ, ಅಡ್ಡಿಯಿಲ್ಲದೆ ಬೆಳಕು ಗಾಳಿಗಳನ್ನು ಅನುಭವಿಸಿದವನಿಗೆ ಆ ಬೆಳಕು ಗಾಳಿಗಳ ಮೇಲೆ ಹಕ್ಕು ಹುಟ್ಟುತ್ತದೆ. ಅದೂ ಆ ಕಾಲದಲ್ಲೆಲ್ಲ ಬರುತ್ತಿದ್ದಷ್ಟಕ್ಕೆ ಮಾತ್ರ. ಆಮೇಲೆ ಕಿಟಕಿಯನ್ನು ದೊಡ್ಡದು ಮಾಡಿದರೆ ಹಕ್ಕು ದೊಡ್ಡದಾಗುವುದಿಲ್ಲ. ಈ ವಿಧಿಯಲ್ಲಿ ನೋಟದ ಮಾತೇ ಇಲ್ಲ. ನೋಟದ ವಿಷಯ ಬರುವುದು 18ನೆಯ ವಿಧಿಯಲ್ಲಿ, ಊರಿನ ವಾಡಿಕೆಗೆ ಕೊಟ್ಟ ಉದಾಹರಣೆಯಾಗಿ: ನೆರೆಯವರ ಮರೆ ಕೆಡುವಂತೆ ಹೊಸ ಕಿಟಕಿ ಇಡಬಾರದೆಂಬ ವಾಡಿಕೆ ಊರಿನಲ್ಲಿದ್ದರೆ, ಅಲ್ಲಿ ಮನೆ ಕಟ್ಟಿದ ಪ್ರತಿಯೊಬ್ಬನಿಗೂ ಆ ರಕ್ಷಣೆಯುಂಟು, ಅವನ ಮೇಲೆ ಆ ಕಟ್ಟುಪಾಡೂ ಉಂಟು.

ಹಾಗಾದರೆ ಪುರಸಭೆಯ ಅನುಮತಿಗೆ ಏನು ಬೆಲೆ? ಕರ್ನಾಟಕದ ಪಟ್ಟಣಗಳಿಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನ, 1964ರ ಪುರಸಭೆಗಳ ಶಾಸನ ಎಂಬ ಎರಡು ಕಾಯಿದೆಗಳಿವೆ. ಅವುಗಳ ಅಡಿಯಲ್ಲಿ ಅಧಿಕಾರಿಗಳು ನೋಡುವುದು ಸುತ್ತ ಬಿಡಬೇಕಾದ ತೆರಪು, ಎತ್ತರ, ಗಾಳಿ ಬೆಳಕು, ಕಟ್ಟಡದ ಭದ್ರತೆ ಮೊದಲಾದವನ್ನು. 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೂ, ಭದ್ರತೆ ಮೊದಲಾದ ನಿಯಮಗಳಿಗೆ ಭಂಗವಿಲ್ಲದಿದ್ದರೆ ಕಿಟಕಿಯೊಂದನ್ನು ತೆರೆಯುವುದಕ್ಕೂ ಮುಚ್ಚುವುದಕ್ಕೂ ಬೇರೆ ಅನುಮತಿ ಬೇಡವೆನ್ನುತ್ತದೆ. ಅದು ಸಲಹೆಯೇ ಹೊರತು ಶಾಸನವಲ್ಲ. ಆಯಾ ಊರಿನ ಉಪನಿಯಮಗಳನ್ನು ಕೇಳಿಯೇ ಕೈಹಾಕಬೇಕು. ಆದರೆ ಅನುಮತಿ ಸಿಕ್ಕ ಮಾತ್ರಕ್ಕೆ ನೆರೆಯವನ ಹಕ್ಕು ತೀರಿಹೋಗುವುದಿಲ್ಲ. ಕಾಗದವು ಮನೆಯವನಿಗೂ ಪುರಸಭೆಗೂ ಇರುವ ಲೆಕ್ಕ. ಗೋಡೆಯಾಚೆಯ ಲೆಕ್ಕವೇ ಬೇರೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು. ಮನೆಯ ಒಳಗಿನವರ ಮರೆ ಉಳಿಯುವಂತೆ ಕಟ್ಟಬೇಕೆಂಬ ಗೃಹ್ಯಸೂತ್ರಗಳ ವಿಧಿಯನ್ನು ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಬೋಬ್ಡೆಯವರು ಸ್ಮರಿಸಿದ್ದಾರೆ. ಅದು ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕು. ಹಿತ್ತಲ ಜಗಳವನ್ನು ತಾನಾಗಿ ಬಗೆಹರಿಸುವುದಿಲ್ಲ. ಆದರೂ ಓದು ಬಾರದ ಒಬ್ಬ ಹೆಂಗಸು ಜಗಲಿಯ ಬಳಿ ಕೇಳಿದ ಪ್ರಶ್ನೆ ಸಣ್ಣದಲ್ಲವೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ನಮ್ಮ ಮನೆಯ ಕಿಟಕಿಯ ಕಥೆ ನ್ಯಾಯಾಲಯಕ್ಕೆ ಹೋಗಲಿಲ್ಲ. ಎಳ್ಳು ಬಾರದ ಸಂಕ್ರಾಂತಿ ತಂದೆಯವರನ್ನು ಬಹಳವಾಗಿ ನೋಯಿಸಿತು. ಯುಗಾದಿಗೆ ಮುಂಚೆ ಅದೇ ಗಾರೆಯವನನ್ನು ಕರೆಸಿ, ಕಿಟಕಿಯ ಕೆಳಗಿನ ಮುಕ್ಕಾಲು ಪಾಲನ್ನು ಇಟ್ಟಿಗೆಯಿಂದ ಮುಚ್ಚಿಸಿ, ತಲೆಗಿಂತ ಎತ್ತರದಲ್ಲಿ ಒಂದು ಬೆಳಕಿಂಡಿಯನ್ನು ಮಾತ್ರ ಉಳಿಸಿದರು. ಓದುವುದಕ್ಕೆ ಅಷ್ಟು ಬೆಳಕು ಸಾಕಾಯಿತು. ಕೆಲಸ ಮುಗಿದ ಮೇಲೆ ದೊಡ್ಡಮ್ಮನವರನ್ನು ಕರೆದು ತೋರಿಸಿದರು. ಆಕೆ ನೋಡಿ, "ಮೊದಲೇ ಒಂದು ಮಾತು ಕೇಳಿದ್ದರೆ ನಿನಗೆ ಇಟ್ಟಿಗೆಯ ಖರ್ಚು ಉಳಿಯುತ್ತಿತ್ತಲ್ಲಪ್ಪಾ" ಎಂದರು.

ಕೌಟಿಲ್ಯನೂ ಹೇಳಿದ್ದು ಇದನ್ನೇ ಅಲ್ಲವೇ? ಗೋಡೆ ಒಡೆಯುವ ಮೊದಲು ಪುರಸಭೆಯ ಬಾಗಿಲಿಗೆ ಹೋಗುವುದು ಅವಶ್ಯ. ಅದಕ್ಕೂ ಮೊದಲು ಹೋಗಬೇಕಾದ ಬಾಗಿಲು ನೆರೆಮನೆಯದು.